ಮ್ಯಾನೇಜರೂ ಗುರುಗಳೂ ಒಬ್ಬರೇ ಆಗಿದ್ದರೆ ಸೈನ್ ಹಾಕಬೇಡಿ

ನನ್ನ ಮ್ಯಾನೇಜರೂ ಆಗಿದ್ದ ಗುರು, ಅವನ ಗುಂಪು, ಯಾರ ಹೆಸರೂ ಹಾಕಲ್ಲ. ಹಾಕಿದರೆ ಲಾಯರ್ ನೋಟಿಸ್ ಗ್ಯಾರಂಟಿ, ನನ್ನ ಜತೆ ಹೊರಗೆ ಬಂದವಳಿಗೆ ಆಗಲೇ ಬಂದಿದೆ. ಆದರೆ ಡ್ಯಾನ್ಸ್ ಮಾಡೋರು, ಹಾಡೋರು, ಆಡಿಷನ್‌ಗೆ ಅಲೀತಿರೋರು ದಯವಿಟ್ಟು ಇದನ್ನ ಓದಿ.

"ನಮ್ಮ ಪಂಥಕ್ಕೆ ಬಾ" ಅಂತ ಯಾರೂ ಕರೆಯಲ್ಲ. ನಮ್ಮನ್ನ ಕರೆದದ್ದು ಕೆಲಸಕ್ಕೆ. ಸ್ಟುಡಿಯೋ, ಕ್ಯಾಮೆರಾ, ಇರೋಕೆ ಮನೆ, ಬ್ರ್ಯಾಂಡ್ ಡೀಲ್ ಎಲ್ಲಾ ನಾವೇ ನೋಡ್ಕೋತೀವಿ ಅಂದರು. ಮ್ಯಾನೇಜರ್ ಅಂದಮೇಲೆ ಶೇ. 10ರಿಂದ 20 ಕಮಿಷನ್ ಹೋಗೋದು ಇದ್ದಿದ್ದೇ. ವಾರಕ್ಕೊಂದು ಪ್ರಾರ್ಥನೆ, "ಇಷ್ಟ ಇದ್ದರೆ ಬನ್ನಿ". ಆಮೇಲೆ ದಿನಾ. ಆಮೇಲೆ ಬರದವರಿಗೆ ಶೂಟಿಂಗೇ ಇಲ್ಲ. ಮನೆಯಿಂದ ಫೋನ್ ಬಂದರೆ ಸ್ಪೀಕರ್ ಹಾಕಿಯೇ ಮಾತಾಡಬೇಕು, ಪಕ್ಕದಲ್ಲಿ ಒಬ್ಬಳು "ಅಕ್ಕ" ಕೂತಿರೋಳು.

ಒಂದು ದಿನ ನನ್ನದೊಂದು ವಿಡಿಯೋದ ಪೇಮೆಂಟ್ ಶೀಟ್ ಕೈಗೆ ಸಿಕ್ತು. ಕಮಿಷನ್ ಕಳೆದಿದ್ದಾರೆ, ಕಾಣಿಕೆ ಕಳೆದಿದ್ದಾರೆ, ಗುರುಗಳ ಗೌರವಧನ ಕಳೆದಿದ್ದಾರೆ, ಬಾಡಿಗೆ, ಊಟ, ಬಟ್ಟೆ... ಕೊನೇ ಸಾಲಲ್ಲಿ ನನ್ನ ಹೆಸರು, ಪಕ್ಕದಲ್ಲಿ ಮೈನಸ್. ನಾನೇ ಅವರಿಗೆ ಬಾಕಿ! ಲಕ್ಷಾಂತರ ಜನ ನೋಡಿದ ವಿಡಿಯೋ ಅದು. ನೆಂಟರೆಲ್ಲ ಇವಳು ಚೆನ್ನಾಗಿ ದುಡ್ಡು ಮಾಡ್ತಿದಾಳೆ ಅಂತಿದ್ದರು. ನಾನು ಮೈನಸ್.

ಗುರುವನ್ನೇ ಕೇಳಿದೆ. "ಲೆಕ್ಕ ಕೇಳ್ತಿರೋದು ನೀನಲ್ಲಮ್ಮ, ನಿನ್ನೊಳಗಿನ ಅಹಂಕಾರ." ಮತ್ತೆ ಕೇಳಿದೆ. "ಆ ಪ್ರತಿಭೆ ನಿಂಗೆ ಯಾರು ಕೊಟ್ಟದ್ದು?" ಅಮ್ಮನ್ನ ಕೇಳಿ ಹೇಳ್ತೀನಿ ಅಂದೆ. "ಅಮ್ಮನ ಹತ್ರ ಮಾತಾಡಿದಾಗೆಲ್ಲ ನಿನ್ನ ಮನಸ್ಸು ಕೆಡುತ್ತೆ, ಗಮನಿಸಿದೀಯಾ?" ನಗುನಗ್ತಾ ಹೇಳಿದ ಕಣ್ರೀ. ಬಿಲ್ ಬರೆಯೋನೂ ಅವನೇ, ಪಾಪ-ಪುಣ್ಯ ಹೇಳೋನೂ ಅವನೇ. ದೂರು ಕೊಡೋದು ಯಾರಿಗೆ?

ಓದಿದ ಹುಡುಗಿ ಹೇಗೆ ನಂಬಿದೆ ಅಂತ ಈಗ ಎಲ್ಲರೂ ಕೇಳೋರೇ. ಅಮೆರಿಕದ ನೆಕ್ಸಿಯಂ (NXIVM) ಅನ್ನೋ ಗುಂಪಿನ ಕೇಸ್ ನೋಡಿ. ಅದು ಧರ್ಮದ ಹೆಸರಲ್ಲೂ ಇರಲಿಲ್ಲ, ವ್ಯಕ್ತಿತ್ವ ವಿಕಸನದ ಕೋರ್ಸ್. ಟಿವಿಯಲ್ಲಿ ಹೆಸರು ಮಾಡಿದ್ದ ನಟಿ ಆಲಿಸನ್ ಮ್ಯಾಕ್ ಸೇರಿದ್ದಷ್ಟೇ ಅಲ್ಲ, ಬೇರೆ ಹೆಂಗಸರನ್ನೂ ಎಳೆದು ತಂದಳು. ಮುಖ್ಯಸ್ಥ ಕೀತ್ ರಾನಿಯೇರಿಗೆ 2020ರಲ್ಲಿ 120 ವರ್ಷ ಜೈಲಾಯ್ತು, ಅವಳಿಗೆ 2021ರಲ್ಲಿ 3 ವರ್ಷ. ನನ್ನ ಪಕ್ಕ ಕೂರ್ತಿದ್ದ "ಅಕ್ಕ"ನೂ ಒಂದು ಕಾಲದ ಡ್ಯಾನ್ಸರೇ.

ಬಿಟ್ಟು ಬಂದಮೇಲೆ ನನ್ನ ವಿಡಿಯೋ ಅಕೌಂಟ್‌ನ ಪಾಸ್‌ವರ್ಡ್ ಬದಲಾಯಿಸಿದರು. ಅಕೌಂಟ್‌ಗೆ ಕೊಟ್ಟಿದ್ದ ನಂಬರೂ ಅವರದೇ. ನನ್ನ ಮುಖ, ನನ್ನ ಡ್ಯಾನ್ಸ್, ದುಡ್ಡು ಮಾತ್ರ ಅವರಿಗೆ. ಒಟ್ಟಿಗೆ ಒಂದೇ ತಟ್ಟೇಲಿ ಉಂಡ ಗೆಳತಿಯರು ಮೆಸೇಜ್ ಹಾಕಿದರು: "ನಿನಗಾಗಿ ಪ್ರಾರ್ಥಿಸುತ್ತೇವೆ, ಇನ್ನು ಸಂಪರ್ಕ ಬೇಡ." ಎಲ್ಲರದ್ದೂ ಅದೇ ವಾಕ್ಯ, ಒಂದಕ್ಷರ ಆಚೀಚೆ ಇಲ್ಲ. ಆಮೇಲೆ ಬ್ಲಾಕ್.

ಅಗ್ರಿಮೆಂಟನ್ನ ಹೊರಗಿನ ಲಾಯರ್‌ಗೆ ತೋರಿಸಿ, ಅವರೇ ಕೊಟ್ಟ ಲಾಯರ್‌ಗಲ್ಲ. ಅಕೌಂಟ್‌ನ ನಂಬರ್, ಪಾಸ್‌ವರ್ಡ್ ನಿಮ್ಮದೇ ಇರಲಿ. ದುಡ್ಡು ಮೊದಲು ನಿಮ್ಮ ಖಾತೆಗೆ ಬರಲಿ, ಕಮಿಷನ್ ಆಮೇಲೆ ಕೊಡಿ. ಮಗಳು ಒಳಗಿದ್ದರೆ ಅಪ್ಪ-ಅಮ್ಮಂದಿರೇ, ಗುರುವನ್ನ ಬೈದು ಪ್ರಯೋಜನ ಇಲ್ಲ, ಅದನ್ನೇ ಕಾಯ್ತಿರ್ತಾರೆ. ಸ್ಪೀಕರ್‌ನಲ್ಲಾದರೂ ಸರಿ, ಫೋನ್ ಮಾಡ್ತಾ ಇರಿ.

ಆ ಬಾಕಿ ದುಡ್ಡಂತೂ ನಾನು ಕಟ್ಟಲ್ಲ. ಕೇಸ್ ಹಾಕಲಿ, ಆ ಶೀಟಿನ ಫೋಟೋ ನನ್ನ ಹತ್ರಾನೂ ಇದೆ.