ಹಳೇ ಪಿಸಿಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಹಾಕಿಸೋಕೆ ಹೊರಟಿದ್ದೀರಾ? ದಯವಿಟ್ಟು ನಿಲ್ಲಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹಳೇ ಕಂಪ್ಯೂಟರಲ್ಲಿ ಗೇಮ್ ಆಡುವವರು ಇದನ್ನು ಪೂರ್ತಿ ಓದಿ. ಹೊಟ್ಟೆ ಉರಿಯುತ್ತಿದೆ, ಬರೆದಿದ್ದು ಹಿಂದೆ ಮುಂದೆ ಆಗಿದ್ದರೆ ಹೊಂದಿಸಿಕೊಳ್ಳಿ.

ನನ್ನದು ಐ5-2400, 2011ರ ಪ್ರೊಸೆಸರ್. ಎಚ್61 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಇಷ್ಟು ದಿನ ಜಿಟಿ 730 ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸುವ ಕಾರ್ಡ್) ಇತ್ತು. ಅಡಿಕೆ ಸುಲಿದು ಕೂಡಿಟ್ಟ ದುಡ್ಡಲ್ಲಿ ಒಳ್ಳೇ ಕಾರ್ಡ್ ಹಾಕಿಸೋಣ ಅಂತ ತೀರ್ಥಹಳ್ಳಿಯಿಂದ ಸಿಪಿಯು ಡಬ್ಬವನ್ನೇ ತೊಡೆ ಮೇಲೆ ಇಟ್ಟುಕೊಂಡು ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋದೆ. ಬೋರ್ಡ್ ನೋಡಿಯೇ ಹೇಳಲಿ ಅಂತಲೇ ಹೊತ್ತುಕೊಂಡು ಹೋಗಿದ್ದು. ಅಂಗಡಿಯವರು ಸೈಡ್ ಡೋರ್ ತೆಗೆದರು, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು. "ಸ್ಲಾಟ್ ಎಲ್ಲಾ ಒಂದೇ ಸರ್, ಆರಾಮಾಗಿ ಕೂರುತ್ತೆ" ಅಂದರು. ಗೇಮ್ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕೋದಿದೆ ಅಂತಲೂ ಬಾಯಿಬಿಟ್ಟು ಹೇಳಿದೆ. "ಅದೆಲ್ಲ ಈ ಕಾರ್ಡಿಗೆ ಯಾವ ಲೆಕ್ಕ ಸರ್" ಅಂದರು. ಹಾಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿಸಿದೆ, ಕಾರ್ಡಿಗೆ 16 ಸಾವಿರದ ಹತ್ತಿರ. ಅದಕ್ಕೆ ಹೊಸ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೇರೆ, ನನ್ನ ಮಾನಿಟರಲ್ಲಿ ಹಳೇ ವಿಜಿಎ ಕನೆಕ್ಷನ್ ಮಾತ್ರ ಇರೋದ್ರಿಂದ ಒಂದು ಕನ್ವರ್ಟರ್ ಬೇರೆ.

ಮನೆಗೆ ತಂದು ಜಿಟಿಎ 5 ಗೇಮ್ ಹಾಕಿದೆ. ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಫ್ರೇಮ್ ನಂಬರ್ ಏನೋ ಜಾಸ್ತಿ ಬಂತು, ಸುಳ್ಳು ಹೇಳಲ್ಲ. ಆದರೆ ಕಾರ್ ಓಡಿಸುತ್ತಾ ಊರೊಳಗೆ ನುಗ್ಗಿದ ಕೂಡಲೇ ಚಿತ್ರ ಗಕ್ಕನೆ ನಿಲ್ಲುತ್ತೆ, ಮತ್ತೆ ಹೊರಡುತ್ತೆ, ಮತ್ತೆ ನಿಲ್ಲುತ್ತೆ. ಟೆಕ್ಸ್ಚರ್ (ಚಿತ್ರದ ಮೇಲ್ಮೈಯ ಸ್ಪಷ್ಟತೆ) ಒಂದು ಹಂತ ಏರಿಸಿದರೆ ಇನ್ನೂ ಕೆಟ್ಟದಾಗುತ್ತೆ.

ರಿಪೇರಿ ಕೆಲಸ ಮಾಡುವ ಗೆಳೆಯನೊಬ್ಬ ಮನೆಗೆ ಬಂದು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ಬಸ್ ಇಂಟರ್‌ಫೇಸ್ ಎದುರು ಎಕ್ಸ್4, 2.0 ಅಂತ ಇತ್ತು. ಅಂದರೆ ನಾಲ್ಕು ಲೇನ್, ಪಿಸಿಐಇ 2.0. ಲೇನ್ ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ, ಪಿಸಿಐಇ ಅಂದರೆ ಕಾರ್ಡ್ ಕೂರುವ ಸ್ಲಾಟ್, 2.0, 4.0 ಅದರ ತಲೆಮಾರು. ಈ ಕಾರ್ಡ್ ಉದ್ದದ ಸ್ಲಾಟಲ್ಲಿ ಕೂರುತ್ತೆ ನಿಜ, ಆದರೆ 16 ಲೇನ್‌ನಲ್ಲಿ ಬಳಸೋದು ನಾಲ್ಕೇ ಲೇನ್! ಹೊಸ ಪಿಸಿಐಇ 4.0 ಬೋರ್ಡಲ್ಲಿ ಆ ನಾಲ್ಕು ಲೇನಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹೋಗುತ್ತೆ. ನನ್ನ 2.0ದಲ್ಲಿ ಬರೀ 2 ಜಿಬಿ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಮೇಲೆ ಉಳಿದದ್ದೆಲ್ಲ ಆ ಸಣ್ಣ ದಾರಿಯಲ್ಲೇ ಬರಬೇಕು. ನನ್ನ ಹಳೇ ಬೋರ್ಡು 16 ಲೇನ್ ಕೊಡುತ್ತೆ, ಕಾರ್ಡ್ ಅಷ್ಟೂ ಬಳಸಿದ್ದರೆ ಅದೂ 8 ಜಿಬಿಯೇ! ಗಾಜನೂರು ಡ್ಯಾಂ ತುಂಬಿದ್ದರೂ ಒಂದೆರಡು ಗೇಟ್ ಮಾತ್ರ ಎತ್ತಿದ ಹಾಗೆ ಆಗಿದೆ ನನ್ನ ಪಿಸಿ ಕಥೆ. ಗೆಳೆಯ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದ. ನಾಚಿಕೆಯಾಯಿತು. ಪಕ್ಕದಲ್ಲಿ ಅಪ್ಪ ಬೇರೆ ನಿಂತಿದ್ದರು.

ಇನ್ನು ರೆಕಾರ್ಡಿಂಗ್. ಈ ಕಾರ್ಡಲ್ಲಿ ವಿಡಿಯೋ ಎನ್‌ಕೋಡರೇ (ರೆಕಾರ್ಡ್ ಮಾಡುವಾಗ ವಿಡಿಯೋ ಕುಗ್ಗಿಸಿ ಕೊಡುವ ಭಾಗ) ಇಲ್ಲ! ಇಲ್ಲವೇ ಇಲ್ಲ! ಆ ಕೆಲಸ ಪ್ರೊಸೆಸರ್ ತಲೆ ಮೇಲೆ ಬೀಳುತ್ತೆ, ಅದೋ ಗೇಮ್ ಆಡುವಾಗಲೇ 100 ಪರ್ಸೆಂಟ್ ಮುಟ್ಟಿರುತ್ತೆ. ನಾನು ಕೇಳಿಯೇ ತಗೊಂಡಿದ್ದು ಅಲ್ವಾ?

ಅಂಗಡಿಯವರಿಗೆ ಫೋನ್ ಮಾಡಿದೆ. "ಫ್ರೇಮ್ ಜಾಸ್ತಿ ಬಂತೋ ಇಲ್ವೋ?" ಅಂತ ನನ್ನನ್ನೇ ಕೇಳಿದರು. ನಾಲ್ಕು ಲೇನ್ ವಿಷಯ ಎತ್ತಿದೆ. "ಕೂರುತ್ತೆ ಅಂದಿದ್ದೆ, ಕೂತಿದೆ ಅಲ್ವಾ?" ಕೂರುತ್ತೆ ಅಂದಿದ್ದರಂತೆ! ಕೂರೋದಕ್ಕೆ ಅಷ್ಟು ದುಡ್ಡು ಕೊಡಬೇಕಾ? ಜಿಪಿಯು-ಝಡ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮತ್ತೆ ಫೋನ್ ಮಾಡಿದರೆ, "ನೋಡಪ್ಪಾ, ಡಬ್ಬ ಒಡೆದಾಗಿದೆ, ವಾಪಸ್ ಬರಲ್ಲ. ನಿನ್ನ ಪಿಸಿಯೇ ಹಳೇದು, ಬೋರ್ಡು ಪ್ರೊಸೆಸರ್ ಬದಲಾಯಿಸು, ನಾನೇ ರೇಟ್ ಹಾಕಿಕೊಡ್ತೀನಿ." ಅದನ್ನು ಟಾರ್ಚ್ ಬಿಟ್ಟು ನೋಡಿದಾಗಲೇ ಹೇಳಬಹುದಿತ್ತಲ್ಲ! ಕಾರ್ಡ್ 2022ರ ಜನವರಿಯಲ್ಲಿ ಬಂದಾಗಲೇ ಹಳೇ ಬೋರ್ಡಲ್ಲಿ ಸ್ಪೀಡ್ ಬೀಳುತ್ತೆ ಅಂತ ಪರೀಕ್ಷೆ ಮಾಡಿದವರು ಹೇಳಿದ್ದರು. ಇದನ್ನೇ ಮಾರಿ ಹೊಟ್ಟೆ ಹೊರೆಯುವವರಿಗೆ ಗೊತ್ತಿರಲಿಲ್ಲ ಅಂದರೆ ನಂಬಬೇಕಾ?

ಹಳೇ ಪಿಸಿಗೆ ಕಾರ್ಡ್ ತಗೊಳ್ಳುವಾಗ ಎಷ್ಟು ಲೇನ್ ಅಂತ ಕೇಳಿ. ಜಿಟಿಎಕ್ಸ್ 1650, 1050 ಟಿಐ ಎರಡೂ 16 ಲೇನ್ ಕಾರ್ಡು, ಸುಮಾರು 75 ವ್ಯಾಟಲ್ಲೇ ಮುಗಿಯುತ್ತೆ, ಎಷ್ಟೋ ಮಾಡೆಲ್‌ಗೆ ಬೇರೆ ಪವರ್ ಕೇಬಲ್ಲೂ ಬೇಡ. ಅಂಗಡಿಯವರು ಏನು ಹೇಳುತ್ತಾರೋ ಅದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ಬಾಯಿ ಮಾತು ನಂಬಬೇಡಿ. ಬಿಲ್ ನನ್ನ ಹತ್ತಿರ ಇದೆ, ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಅವರ ಶೋಕೇಸಲ್ಲಿ ಇದೇ ಕಾರ್ಡಿನ ಡಬ್ಬಗಳು ಇನ್ನೂ ಇವೆ. ನಿಮ್ಮ ಗೆಳೆಯರು ಯಾರಾದರೂ ಹಳೇ ಪಿಸಿ ಹೊತ್ತುಕೊಂಡು ಶಿವಮೊಗ್ಗಕ್ಕೆ ಹೊರಟಿದ್ದರೆ ಬಸ್ ಹತ್ತೋ ಮೊದಲೇ ಇದನ್ನು ಕಳಿಸಿ.