‘ಜೊತೆಗೆ ಪೆಪ್ಟೈಡ್ ಇದೆ, ಏನೂ ಆಗಲ್ಲ’ ಅಂದದ್ದನ್ನು ನಂಬಿ ಕೆಟ್ಟೆ

ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಸಾಲು: ‘ವೀರ್ಯಾಣುಗಳು ಕಂಡುಬಂದಿಲ್ಲ.’ ಬೇರೆ ಯಾರದ್ದೋ ಹಾಳೆ ಕೊಟ್ಟಿರಬೇಕು ಅಂತ ಹೆಸರು, ವಯಸ್ಸು ಎರಡೆರಡು ಸಲ ನೋಡಿದೆ. ನನ್ನದೇ.

ಶುರುವಾದದ್ದು ಸುಸ್ತಿನಿಂದ. ಜಿಮ್ಮಿನ ಟ್ರೇನರ್ ಒಬ್ಬರು ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನಿನ ಇಂಜೆಕ್ಷನ್ ತಗೊಳ್ಳಿ ಅಂದರು. ‘ನಮಗೆ ಮಗು ಬೇಕು, ತೊಂದರೆ ಆಗಲ್ವಾ?’ ಅಂತ ಕೇಳಿದೆ. ಜೊತೆಗೆ ಗೊನಡೊರೆಲಿನ್ ಅನ್ನೋ ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಣುಕಿನಂಥದ್ದು) ವಾರಕ್ಕೆ ಎರಡು ಸಲ ಚುಚ್ಚಿಕೊಂಡರೆ ಆಯ್ತು, ವೀರ್ಯಾಣು ಸೇಫ್ ಅಂದರು. ಹೆಬ್ಬೆರಳುದ್ದದ ಗಾಜಿನ ಬಾಟಲಿ, ತಳದಲ್ಲಿ ಚಿಟಿಕೆ ಬಿಳಿ ಪುಡಿ. ತಯಾರಿಸಿದವರ ವಿಳಾಸ ಇಲ್ಲ. ಇರುವೆಯಂಥ ಅಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಅಂತಿತ್ತು. ತೋರಿಸಿದ್ದಕ್ಕೆ ‘ಅದು ಸುಮ್ನೆ ಹಾಕಿರ್ತಾರೆ’ ಅಂದರು. ನಾನೂ ತಲೆಯಾಡಿಸಿದೆ. ಓದು ಬಾರದವನೇನಲ್ಲ!

ಮೊದಲ ತಿಂಗಳು ಹುರುಪು ಬಂದದ್ದು ನಿಜ. ಆಮೇಲೆ ವೃಷಣ ಸಣ್ಣದಾಗಿದೆ ಅನ್ನಿಸಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಕೊನೆಗೆ ಡಾಕ್ಟರ್ ಬಿಡಿಸಿ ಹೇಳಿದರು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ಇನ್ನು ಬೇಡ ಅಂತ ಮೆದುಳು, ವೃಷಣವನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ನಿಲ್ಲಿಸಿಬಿಡುತ್ತದೆ. ಅವಿಲ್ಲದೆ ವೀರ್ಯಾಣು ತಯಾರಾಗುವುದು ನಿಲ್ಲುತ್ತದೆ. ಗೊನಡೊರೆಲಿನ್ ಅಂದರೆ, ಆ ಎರಡನ್ನೂ ಹೊರಡಿಸಲು ಮೆದುಳು ಒಂದೂವರೆ–ಎರಡು ಗಂಟೆಗೊಮ್ಮೆ ಬಿಡುವ ಹಾರ್ಮೋನಿನ ನಕಲು. ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಸಂತಾನದ ಚಿಕಿತ್ಸೆಗೆ ಕೊಡುವಾಗ ಮೈಗೆ ಪುಟ್ಟ ಪಂಪ್ ಕಟ್ಟಿ, ಅದೇ ಲೆಕ್ಕದಲ್ಲಿ ಬಿಟ್ಟು ಬಿಟ್ಟು ಕೊಡುತ್ತಾರಂತೆ. ಬಿಡುವಿಲ್ಲದೆ ಒಂದೇ ಸಮ ಕೊಟ್ಟರೆ ಉಲ್ಟಾ ಹೊಡೆಯುತ್ತದೆ. ಹಾಗಿರುವಾಗ ವಾರಕ್ಕೆರಡು ಸೂಜಿ ಯಾವ ಮೂಲೆಗೆ? ಆ ಪುಡಿಯಲ್ಲಿ ಗೊನಡೊರೆಲಿನ್ ಇತ್ತೋ ಇಲ್ಲವೋ, ದೇವರೇ ಬಲ್ಲ.

ಮಗು ಬೇಕು ಅನ್ನುವವರು ದಯವಿಟ್ಟು ಈ ಜೋಡಿಯನ್ನು ಮುಟ್ಟಬೇಡಿ. ಈಗಾಗಲೇ ಶುರು ಮಾಡಿದ್ದರೆ ಅದನ್ನು ಸರಿಮಾಡೋಕೆ ಇನ್ನೊಂದು ಪುಡಿ ಹುಡುಕಬೇಡಿ. ಬಾಟಲಿ ಸಮೇತ ಡಾಕ್ಟರ್ ಹತ್ತಿರ ಹೋಗಿ, ಏನನ್ನೂ ಮುಚ್ಚಿಡಬೇಡಿ. ಅಂದಹಾಗೆ, ಸುಸ್ತು ಅಂತ ಹೋದ ನನಗೆ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ನನ್ನ ಟೆಸ್ಟೋಸ್ಟೆರಾನ್ ಕಡಿಮೆ ಇತ್ತು ಅನ್ನೋದಕ್ಕೇ ಆಧಾರ ಇಲ್ಲ.

ಇಂಜೆಕ್ಷನ್ ಬಿಟ್ಟು ನಾಲ್ಕು ತಿಂಗಳಾಯಿತು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹಾಗಾಗಿ ಅವಸರ ಮಾಡಿ ಪ್ರಯೋಜನವಿಲ್ಲ. ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದಂತೆ. ಹೋದ ವಾರದ ಟೆಸ್ಟಿನಲ್ಲಿ ಮಿಲಿಲೀಟರಿಗೆ 20 ಲಕ್ಷ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿರುವ ಕೆಳಗಿನ ಮಿತಿ 1 ಕೋಟಿ 60 ಲಕ್ಷ. ರಿಪೋರ್ಟನ್ನು ಈ ಸಲ ಹೆಂಡತಿಯೇ ಮೊದಲು ಓದಿದಳು.