ಸುಸ್ತಿಗೆ ಡ್ರಿಪ್ಪೋ, ಬಿ12 ಚುಚ್ಚುಮದ್ದೋ?

ಮಧುಮೇಹಕ್ಕೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರ ಕರುಳು ಬಿ12 ಅನ್ನು ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು. ಅಂಥವರಲ್ಲಿ ನಾನೂ ಒಬ್ಬ, ಜೊತೆಗೆ ಶುದ್ಧ ಸಸ್ಯಾಹಾರಿ; ಬಿ12 ಸಿಗುವುದು ಹೆಚ್ಚಾಗಿ ಪ್ರಾಣಿಮೂಲದ ಆಹಾರದಲ್ಲಿ. ಅದರ ಕೊರತೆಯ ಪಾದದ ಜೋಮಿಗೂ ಬಿಡದ ಸುಸ್ತಿಗೂ ಬಳಸಿ ನೋಡಿದ ಡ್ರಿಪ್, ಚುಚ್ಚುಮದ್ದು, ಮಾತ್ರೆ ಎಂಬ ಮೂರು ದಾರಿಗಳಲ್ಲಿ, ಬೆಂಗಳೂರಿನ ವೆಲ್‌ನೆಸ್ ಕ್ಲಿನಿಕ್ಕೊಂದರ ದುಬಾರಿ ಡ್ರಿಪ್‌ಗಿಂತ ನಮ್ಮ ಬಡಾವಣೆಯ ವೈದ್ಯರು ರಕ್ತಪರೀಕ್ಷೆ ಮಾಡಿಸಿ ಬರೆದುಕೊಟ್ಟ ಮೀಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಚುಚ್ಚುಮದ್ದೇ ನನಗೆ ಒಗ್ಗಿತು.

ಇಂಥ ಡ್ರಿಪ್‌ಗಳ ಮೂಲ ಬಾಲ್ಟಿಮೋರಿನ ವೈದ್ಯ ಜಾನ್ ಮೈಯರ್ಸ್ ಬಳಸುತ್ತಿದ್ದ ಮಿಶ್ರಣ: ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ಗುಂಪಿನ ವಿಟಮಿನ್‌ಗಳು, ವಿಟಮಿನ್ ಸಿ. ಮೈಯೆಲ್ಲ ನೋವು, ಸುಸ್ತು ಕಾಡುವ ಫೈಬ್ರೊಮಯಾಲ್ಜಿಯಾ ಇದ್ದ 34 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಮಿಶ್ರಣ ಏರಿಸಿಕೊಂಡವರೂ ಬರಿಯ ಸಲೈನಿನಂಥ ದ್ರವ ಏರಿಸಿಕೊಂಡವರೂ ಚೇತರಿಸಿಕೊಂಡರು. ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಡ್ರಿಪ್ ಹಾಕಿಸಿಕೊಂಡ ದಿನ ನನಗೂ ಹುರುಪೆನಿಸಿದ್ದು ನಿಜ, ಆದರೆ ಜೋಮು ಇದ್ದಲ್ಲೇ ಇತ್ತು.

ನಿಜವಾದ ತಲೆನೋವು ಶುರುವಾದದ್ದು ಆ ಸಂಜೆ. ಸಿಹಿ ಮುಟ್ಟದಿದ್ದರೂ ಗ್ಲೂಕೋಮೀಟರ್ ಎಂದೂ ಕಾಣದಷ್ಟು ಸಕ್ಕರೆ ತೋರಿಸಿತು. ಬೆರಳು ತೊಳೆದು, ಹೊಸ ಸ್ಟ್ರಿಪ್ ಹಾಕಿದರೂ ಅದೇ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, "ಟಾಕ್ಸಿನ್ ಹೊರಗೆ ಬರ್ತಿದೆ ಸರ್, ಹಾಗಾಗುತ್ತೆ" ಎಂಬ ಉತ್ತರ ಬಂತು. ಲ್ಯಾಬಿನಲ್ಲಿ ರಕ್ತನಾಳದಿಂದಲೇ ರಕ್ತ ತೆಗೆಸಿ ನೋಡಿದಾಗ ಸಕ್ಕರೆ ಎಂದಿನಂತೆಯೇ ಇತ್ತು.

ಕಾರಣವನ್ನು ವಿವರಿಸಿದವರು ನಮ್ಮ ವೈದ್ಯರು. ಸ್ಟ್ರಿಪ್ಪಿನ ಮೇಲೆ ಗ್ಲೂಕೋಸ್ ಉತ್ಕರ್ಷಣಗೊಂಡಾಗ ಹುಟ್ಟುವ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ನಾಳದ ಮೂಲಕ ಗ್ರಾಂಗಟ್ಟಲೆ ಹೋದ ವಿಟಮಿನ್ ಸಿ ಕೂಡ ಅಲ್ಲಿ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಹಲವು ಮೀಟರ್‌ಗಳು ಅದನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರು ಆ ಅಂಕಿ ನಂಬಿ ಹೆಚ್ಚಿನ ಡೋಸ್ ಹಾಕಿಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಷ್ಟು ಪ್ರಮಾಣ ಕೊಡುವ ಮುನ್ನ ಕಿಡ್ನಿಯ ಸ್ಥಿತಿಯನ್ನೂ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯನ್ನೂ ಪರೀಕ್ಷಿಸಬೇಕು. ಕ್ಲಿನಿಕ್ಕಿನಲ್ಲಿ ಕೇಳಿದ್ದು ಯುಪಿಐಯೋ ಕಾರ್ಡೋ ಎಂದಷ್ಟೇ.

ವಯಸ್ಸನ್ನು ಹಿಂದಕ್ಕೆ ತಳ್ಳುತ್ತದೆಂದು ಕ್ಲಿನಿಕ್ಕಿನವರು ಹೊಗಳಿದ ಎನ್ಎಡಿ ಪ್ಲಸ್ (ಜೀವಕೋಶಗಳಲ್ಲೇ ಇರುವ ಒಂದು ಅಣು) ಡ್ರಿಪ್ ಇನ್ನೂ ದುಬಾರಿ, ವೇಗವಾಗಿ ಬಿಟ್ಟರೆ ವಾಕರಿಕೆಯೂ ಎದೆಬಿಗಿತವೂ ಬರಬಹುದೆಂದು ಕೇಳಿ ಬೇಡವೆಂದೆ.

ಚುಚ್ಚುಮದ್ದಿನ ಕೆಂಪು ದ್ರವ ಒಳಹೋಗುವಾಗ ಕೊಂಚ ಉರಿಯುತ್ತದೆ, ಅಷ್ಟೇ. ಜೋಮು ತಿಂಗಳುಗಳಲ್ಲಿ ನಿಧಾನವಾಗಿ ಇಳಿಯಿತು.

ಮಾತ್ರೆ ಎಲ್ಲಕ್ಕಿಂತ ಅಗ್ಗ. ಹೊಟ್ಟೆಯಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ (ಬಿ12 ಹೀರಿಕೊಳ್ಳಲು ನೆರವಾಗುವ ಪ್ರೋಟೀನ್) ಇಲ್ಲದವರಲ್ಲೂ ಸುಮಾರು ಶೇ. 1ರಷ್ಟು ಬಿ12 ತಾನಾಗಿ ರಕ್ತಕ್ಕೆ ಸೇರುವುದರಿಂದ 1000 ಮೈಕ್ರೋಗ್ರಾಂ ಮಾತ್ರೆ ಬಹುತೇಕರಿಗೆ ಸಾಲುತ್ತದೆ. ದಿನವೂ ನೆನಪಿಟ್ಟು ನುಂಗುವುದು ನನ್ನ ಜಾಯಮಾನವಲ್ಲ, ಹಾಗಾಗಿ ಚುಚ್ಚುಮದ್ದು. ಬೆಳಗಿನ ಕಾಫಿಯ ಜೊತೆಗೇ ಡಬ್ಬಿ ತೆಗೆಯುವ ನನ್ನ ಹೆಂಡತಿ ಮಾತ್ರೆಯಲ್ಲೇ ಉಳಿದಿದ್ದಾಳೆ. ಕಳೆದ ವರದಿಯಲ್ಲಿ ಅವಳ ಬಿ12 ನನ್ನದಕ್ಕಿಂತ ಚೆನ್ನಾಗಿತ್ತು.